ಹಂಡೆಯಲ್ಲಿ ಕುದಿದ ಬೊಡ್ಡೆ

ಬೇಸಿಗೆಯಲ್ಲಿ ಕಾಲುವೆಗೆ ನೀರು ಬಿಡುವುದು ನಿಂತ ಮೇಲೆ ಗೊರೇಬಾಳದ ಹಾದಿಯಲ್ಲಿ ಒಂದು ನಾತ ಏಳುತ್ತದೆ. ಪಾಚಿ, ಸತ್ತ ಮೀನು, ಹೂಳು ಎಲ್ಲ ಕಲೆತ ನಾತ. ಬಸ್ಸಿನ ಕಿಟಕಿ ಮುಚ್ಚಿದರೂ ಅದು ಒಳಗೆ ನುಗ್ಗುತ್ತದೆ. ಆಗಲೇ ಸಿಂಧನೂರಿನ ನಮ್ಮ ಹಳೆಯ ಮನೆ ಕಣ್ಣೆದುರು ಬಂದು ನಿಲ್ಲುತ್ತದೆ. ಒಳ್ಳೆಯ ಪರಿಮಳವೊಂದೂ ನನ್ನನ್ನು ಅಲ್ಲಿಗೆ ಕರೆದೊಯ್ದದ್ದಿಲ್ಲ.

ಅಜ್ಜಿ ಜಾರಿಬಿದ್ದು ಸೊಂಟ ಮುರಿದುಕೊಂಡು ಪಡಸಾಲೆಯ ಮಂಚ ಹಿಡಿದ ವರ್ಷವದು. ಗೋಡೆ ನೋಡುತ್ತ ಮಲಗಿದ ತಾಯಿಯ ಕಣ್ಣ ಮುಂದೆ ಏನಾದರೂ ಓಡಾಡಲಿ ಎಂದು, ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಈರಣ್ಣ ಕಾಕಾ ಮೀನು ಸಾಕುವ ಗಾಜಿನ ತೊಟ್ಟಿ ತಂದ. ನಮ್ಮದು ಲಿಂಗವಂತರ ಮನೆ. ತತ್ತಿಯ ಹೆಸರೆತ್ತಿದರೂ ಅಜ್ಜಿ ಬಾಯಿ ಮುಕ್ಕಳಿಸುತ್ತಿದ್ದಳು. ಆದರೂ ಕಾಕಾ ತೊಟ್ಟಿಯೊಳಗಿಡಲು ಮಸ್ಕಿ ಗುಡ್ಡದ ಬುಡದಿಂದ ಕಲ್ಲು ಆರಿಸಿ ತಂದ, ಬತ್ತಿದ ಕಾಲುವೆಯ ಹೂಳಿನಿಂದ ಮರದ ಬೊಡ್ಡೆಯೊಂದನ್ನು ಕಿತ್ತ. ಬೈಕಿನ ಹಿಂದೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ನಾನು. ಅದರ ತಣ್ಣನೆಯ ಲೋಳೆ ಲಂಗ ದಾಟಿ ಕಾಲಿಗೆ ಅಂಟಿತ್ತು. ಹಿತ್ತಲಲ್ಲಿ ಕಾಕಾ ಕಲ್ಲುಗಳ ಮೇಲೆ ಲಿಂಬೆರಸ ಹಿಂಡಿ, ಬುರುಗು ಬಂದವನ್ನು ನೀರು ಕೆಡಿಸುವ ಸುಣ್ಣದ ಕಲ್ಲೆಂದು ಎಸೆದ. ಉಳಿದವನ್ನು ನಾನು ತೆಂಗಿನ ನಾರಿನಿಂದ ತಿಕ್ಕಿದೆ. ಬೊಡ್ಡೆ ಹಿಡಿಯುವಷ್ಟು ದೊಡ್ಡದಿದ್ದದ್ದು ಸ್ನಾನದ ನೀರಿನ ಹಂಡೆಯೊಂದೇ. ನೀರು ಕಾದಂತೆ ಸಂದಿಗಳಿಂದ ಬಿಳಿ ಹುಳುಗಳು ತೇಲಿಬಂದವು, ಜಿಗಣೆಯೊಂದು ಸುರುಟಿತು, ಮೇಲೆ ಬೂದು ಜಿಡ್ಡು ಕೆನೆಗಟ್ಟಿತು. ಅವ್ವ ಗೋಡೆ ಹಿಡಿದು ವಾಂತಿ ಮಾಡಿಕೊಂಡಳು.

ಒಳಗಿನಿಂದ ಅಜ್ಜಿ ಕೇಳಿದಳು, “ಹೆಣ ಕುದಿಸಿದಂಗ ನಾತ ಬರಾಕತ್ತೈತಿ. ನನ್ನ ಜಳಕದ ಹಂಡೇದಾಗ ಏನಿಟ್ಟೀಯೋ?”

ಕಾಕಾ ಸುಳ್ಳು ಹೇಳಲಿಲ್ಲ. “ಕಾಲುವಿ ಬೊಡ್ಡಿ ಬೇ ಅವ್ವಾ. ಕುದಿಸಿದ್ರ ಹೊಲಸು ಬಿಡ್ತೈತಿ.”

ಆ ಹಂಡೆಯ ನೀರನ್ನು ಅಜ್ಜಿ ಮತ್ತೆ ಮೈಗೆ ಸೋಕಿಸಿಕೊಳ್ಳಲಿಲ್ಲ. ಬೊಡ್ಡೆ ಬಣ್ಣ ಬಿಡುವುದು ನಿಂತ ಮೇಲೆ ಕಲ್ಲು ಹೇರಿ ತೊಟ್ಟಿಯಲ್ಲಿ ಮುಳುಗಿಸಿ, ಕೆಂಪು ಮೀನು ಬಿಟ್ಟಾಗ ಅವಳು ಗೋಡೆಗೆ ಮುಖ ತಿರುಗಿಸಿದಳು. ಮಗನ ಕೈತುತ್ತನ್ನೂ ಬಿಟ್ಟಳು. ಸೋತ ಕಾಕಾ ತೊಟ್ಟಿಯನ್ನು ಗೆಳೆಯನೊಬ್ಬನಿಗೆ ಕೊಡಲು ಒಪ್ಪಿದ. ಗೆಳೆಯ ಬಂದು ನೀರು ಖಾಲಿ ಮಾಡಲು ಪೈಪ್ ಇಳಿಬಿಟ್ಟಾಗ ಅಜ್ಜಿ ಮೂಗಿಗೆ ಸೆರಗು ಒತ್ತಿಕೊಂಡು ಇತ್ತ ಹೊರಳಿದಳು.

“ಸಣ್ಣದೊಂದು ಮುಂಜಾನಿಂದ ಬೊಡ್ಡಿ ಹಿಂದ ಅಡಗೈತಿ. ಅದು ಹೊರಗ ಬರಲಿ, ತಡೀರಿ.”

ಗೆಳೆಯ ಪೈಪ್ ಸುತ್ತಿಕೊಂಡು ಹೋದ. ಆ ಮಳೆಗಾಲವೆಲ್ಲ ಅಜ್ಜಿ ಮೀನುಗಳನ್ನು ನೋಡಿದಳು. ಹೇಸಿಗೆ ಹೋಗಲಿಲ್ಲ, ಉಣಿಸುವ ಮುನ್ನ ಕಾಕಾನ ಬೆರಳುಗಳನ್ನು ಮೂಸಿ, ಮುಖ ಸಿಂಡರಿಸಿ, ಬೈದು, ಆಮೇಲೆ ಬಾಯಿ ತೆರೆಯುತ್ತಿದ್ದಳು. ದಸರೆಗೆ ಮೊದಲೇ ತೀರಿಕೊಂಡಳು. ಅಪ್ಪ ಮತ್ತು ಕಾಕಾ ಪಾಲಾಗಿ ಬೇರೆಯಾದರು, ಪಡಸಾಲೆಯಿದ್ದಲ್ಲಿ ಈಗ ಬಟ್ಟೆಯಂಗಡಿಯಿದೆ.

ಲಿಂಗಸುಗೂರಿನಲ್ಲಿರುವ ಕಾಕಾನನ್ನು ಈಚೆಗೆ ಕಂಡಾಗ, ಮತ್ತೆ ಮೀನು ಸಾಕಲಿಲ್ಲವೇ ಎಂದು ಕೇಳಿದೆ.

“ಸಾಕಿದ್ನವ್ವಾ ಒಮ್ಮೆ. ಮನ್ಯಾಗ ಯಾರೂ ಬೆರಳು ಮೂಸಿ ಬೈಲಿಲ್ಲ. ಕೊಟ್ಟುಬಿಟ್ಟೆ.”