ಹನುಮವ್ವನ ಏಣಿ

ಏಣಿ ಹತ್ತುವಾಗ ಅದು ಯಾರದೆಂಬ ಪ್ರಶ್ನೆ ಯಾರಿಗೂ ಬರುವುದಿಲ್ಲ. ಇಳಿಯಬೇಕೆಂದಾಗ ಅದು ಅಲ್ಲಿಲ್ಲದಿದ್ದರೆ ಮಾತ್ರ ಒಡೆತನದ ಬಗ್ಗೆ ಗಾಢವಾದ ಜಿಜ್ಞಾಸೆ ಹುಟ್ಟುತ್ತದೆ. ನನಗೆ ಈ ತತ್ವದರ್ಶನವಾದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ದೇವದುರ್ಗದ ಏಪ್ರಿಲ್ ಬಿಸಿಲಿನಲ್ಲಿ.

ಆಗ ನಾನಲ್ಲಿ ಶಾಲಾ ಮಾಸ್ತರ. ಶರಣಪ್ಪ ಸಾವ್ಕಾರರ ಹಿತ್ತಲ ಖೋಲಿಯಲ್ಲಿ ಬಾಡಿಗೆಗಿದ್ದೆ. ಐಶ್ವರ್ಯ ದೊಡ್ಡದೋ ಲೋಕಸೇವೆ ದೊಡ್ಡದೋ ಎಂದು ಮಕ್ಕಳಿಂದ ಪ್ರಬಂಧ ಬರೆಸಿ, ಲೋಕಸೇವೆಯ ಪಕ್ಷದವರಿಗೆ ಹೆಚ್ಚು ಅಂಕ ಕೊಟ್ಟು, ಸಂಜೆ ಬಂದು ಸಾವ್ಕಾರರ ಹೊಸ ಮನೆಯನ್ನು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದೆ. ಆ ಭವ್ಯಭವನಕ್ಕೆ ಮಾಳಿಗೆಯಿತ್ತು, ಮೆಟ್ಟಿಲಿರಲಿಲ್ಲ. ಮೆಟ್ಟಿಲು ಒಳಗೋ ಹೊರಗೋ ಎಂಬುದು ಗಂಡಹೆಂಡಿರ ನಡುವೆ ಇನ್ನೂ ಇತ್ಯರ್ಥವಾಗಿರಲಿಲ್ಲ.

ಒಂದು ಭಾನುವಾರ ಸಾವ್ಕಾರರ ಹೆಂಡತಿ ರಾಯಚೂರಿನ ತವರಿಗೆ ಹೋದಾಗ, ಅವರು ತಮ್ಮ ಹೊಲ ಎಲ್ಲಿಯವರೆಗೆ ಹಬ್ಬಿದೆಯೆಂದು ಕಣ್ತುಂಬ ನೋಡಲು ಮಾಳಿಗೆ ಹತ್ತಿದರು. ಗೋಡೆಗೆ ಒರಗಿದ್ದ ಏಣಿ, ನಮ್ಮ ಓಣಿಯಲ್ಲಿ ಆಡು ಸಾಕಿಕೊಂಡಿದ್ದ ಹನುಮವ್ವನದು. ಅದನ್ನು ಕೇಳಿ ಒಯ್ಯುವ ಪದ್ಧತಿಯೇ ಇರಲಿಲ್ಲ; ಬೇಕಾದವರು ಹೆಗಲಿಗೇರಿಸಿಕೊಂಡು ಹೋಗುವುದಷ್ಟೇ. ಸಾವ್ಕಾರರು ಹೊಲದ ಕಡೆ ಮುಖ ಮಾಡಿ ನಿಂತಾಗ ಯಾರೋ ಹಾಗೆಯೇ ಒಯ್ದರು. ಏಣಿ ನಿಜವಾದ ಚರಾಸ್ತಿ; ಸಾವ್ಕಾರರೇ ಅಂದು ಸ್ಥಿರಾಸ್ತಿಯಾದರು.

"ಮಾಸ್ತರ, ಸ್ವಲ್ಪ ಹೊರಗ ಬರ್ರಿ," ಎಂಬ ಮೆಲುದನಿ ಆಕಾಶದಿಂದ ಬಂತು. "ಏಣಿ ಇಲ್ಲ. ಯಾರಿಗೂ ಗೊತ್ತಾಗಬಾರ್ದು, ಹಂಗ ಹುಡುಕ್ರಿ."

ನಾನು ಗುಟ್ಟಾಗಿಯೇ ಹುಡುಕಿದೆ. ಆದರೆ ಏಣಿ ಕೇಳಿದವನನ್ನು "ಯಾಕ್ರಿ?" ಎಂದು ಜನ ಕೇಳುತ್ತಾರೆ, ಸುಳ್ಳು ಹೇಳಬಾರದೆಂದು ಆ ವಾರವಷ್ಟೇ ಪಾಠ ಮಾಡಿದ್ದೆ. ಐದನೆಯ ಮನೆ ತಲುಪುವಷ್ಟರಲ್ಲಿ ಆ ಮನೆಯವರೇ, "ಸಾವ್ಕಾರ್ರು ಇನ್ನಾ ಮ್ಯಾಲೇ ಅದಾರೇನ್ರಿ?" ಎಂದು ನನ್ನನ್ನು ವಿಚಾರಿಸಿದರು.

ಕೊನೆಗೆ ಹನುಮವ್ವನ ಮನೆಗೇ ಹೋದೆ. "ಯವ್ವಾ, ಏಣಿ ನಿಂದಲ್ಲೇನು?"

"ನಂದ ಅದರೀ," ಎಂದಳು. "ಅದಕ್ಕಂತ ನನ್ನ ಮನ್ಯಾಗ ಯಾಕ ಇರ್ತದ?"

ಅವಳೇ ನನ್ನನ್ನು ಓಣಿಯಾಚೆಯ ಬತ್ತಿದ ಬಾವಿಗೆ ಕರೆದೊಯ್ದಳು. ಏಣಿ ಅದರೊಳಗಿತ್ತು. ಬಾವಿಗೆ ಬಿದ್ದ ಯಾರದೋ ಆಡಿನ ಮರಿಯನ್ನು ಹಿಡಿಯಲು ಮಲ್ಲಯ್ಯನೆಂಬ ಕುರುಬ ತಳಕ್ಕಿಳಿದಿದ್ದ. ಮರಿಗೆ ಸಿಕ್ಕುವ ಇಚ್ಛೆ ಇರಲಿಲ್ಲ. ಬಿಸಿಲು ಜೋರಾಗಿದೆ, ಸಾವ್ಕಾರರಿಗೆ ತಲೆ ತಿರುಗೀತು ಎಂದೆ. ಹನುಮವ್ವ ಬಾವಿಯೊಳಗೆ ಬಗ್ಗಿ ನೋಡಿದಳು. "ಮ್ಯಾಲಿದ್ದವ್ರಿಗೆ ಗಾಳಿಯಾದ್ರೂ ಬರ್ತದ. ಮೊದ್ಲ ಮರಿ ಬರ್ಲಿ."

ಮರಿ ಬಂತು. ಆಮೇಲೆ ಏಣಿ, ಅದರ ಹಿಂದೆ ಅರ್ಧ ಓಣಿ. ಸಾವ್ಕಾರರು ಟವೆಲನ್ನು ತಲೆಗೆ ಹೊದ್ದು, ಕಂಗೆಟ್ಟು, ಕಾವೇರಿದ ಮಾಳಿಗೆಯ ಮೇಲೆ ಒಂದೊಂದೇ ಕಾಲೆತ್ತಿ ನಿಂತಿದ್ದರು. ಇಳಿದು ಒಂದು ತಂಬಿಗೆ ನೀರು ಕುಡಿದರು. ಆಸ್ತಿವಂತರು ಅಸ್ವಸ್ಥರಾಗಿದ್ದನ್ನು ಕಂಡು ನನ್ನ ಹೊಟ್ಟೆಕಿಚ್ಚು ನಾಚಿಕೊಂಡಿತು.

"ಏನು ಕೊಡ್ಲಿ ಹನುಮವ್ವ?" ಎಂದರು.

"ಏನೂ ಬ್ಯಾಡ್ರಿ. ನಡುವಿನ ಎರಡು ಮೆಟ್ಲು ಅಲುಗಾಡಾಕತ್ಯಾವ. ಕಟಿಗಿ ಹಾಕಿಸಿ ಗ್ವಾಡಿಗೆ ಆನಿಸಿಬಿಡ್ರಿ. ಯಾರಾರ ಒಯ್ತಾರ."

ಸಾವ್ಕಾರರು ಸಾಗುವಾನಿಯನ್ನೇ ಹಾಕಿಸಿದರು. ಅಲ್ಲಿಗೆ ನಿಲ್ಲಲಿಲ್ಲ. ಓಣಿಯಲ್ಲಿ ಯಾರೇ ಏಣಿ ಹತ್ತಿದರೂ ಬಂದು ಬುಡ ಹಿಡಿದು ನಿಲ್ಲುವುದನ್ನು ರೂಢಿ ಮಾಡಿಕೊಂಡರು. ಹತ್ತಿದವರು ಇಳಿಯುವವರೆಗೆ ಕೈ ಬಿಡುತ್ತಿರಲಿಲ್ಲ. ಸುಣ್ಣ ಹಚ್ಚುವವರಿಗೆ ಇದರಿಂದ ಬಹಳ ಮುಜುಗರವಾಗುತ್ತಿತ್ತು.

ಎಂಬತ್ತರ ದಶಕದಲ್ಲಿ ನನಗೆ ಮಾನ್ವಿಗೆ ವರ್ಗವಾಯಿತು. ಲೋಕಕ್ಕೆ ನಾನೂ ಏನಾದರೂ ಕೊಡಬೇಕೆಂಬ ಹುರುಪಿನಲ್ಲಿ ಒಂದು ಏಣಿ ಮಾಡಿಸಿ, ಕೆಂಪು ಬಣ್ಣದಲ್ಲಿ ಹೆಸರು, ವಿದ್ಯಾರ್ಹತೆ, ಎರಡನ್ನೂ ಬರೆಸಿದೆ. ಜನ ಬಂದು, ಭಯಭಕ್ತಿಯಿಂದ ಕೇಳಿ ಒಯ್ದು, ಸಂಜೆಯೊಳಗೆ ಒರೆಸಿ ತಂದಿಡುತ್ತಿದ್ದರು. ಎರಡನೆಯ ವಾರ ಯಾರೂ ಬರಲೇ ಇಲ್ಲ. ನನಗೆ ಋಣಿಯಾಗುವುದಕ್ಕಿಂತ ಏಣಿಯಿಲ್ಲದಿರುವುದೇ ವಾಸಿ ಎನಿಸಿರಬೇಕು. ಸೀಮೆಎಣ್ಣೆ ಹಚ್ಚಿ, ಹೆಸರನ್ನು ಕಷ್ಟಪಟ್ಟು, ವಿದ್ಯಾರ್ಹತೆಯನ್ನು ಇನ್ನೂ ಕಷ್ಟಪಟ್ಟು ಉಜ್ಜಿ ತೆಗೆದು, ಬೀದಿಯ ಗೋಡೆಗೆ ಒರಗಿಸಿದೆ.

ತಿಂಗಳಾದ ಮೇಲೆ ಅಟ್ಟದಿಂದ ಟ್ರಂಕು ಇಳಿಸಬೇಕಾಗಿ ಹೊರಗೆ ಬಂದು ನೋಡಿದರೆ ಏಣಿ ಇರಲಿಲ್ಲ. ಓಣಿಯೆಲ್ಲ ತಿರುಗಿದೆ, ಸಿಗಲಿಲ್ಲ. ಎದುರುಮನೆಯ ಅಜ್ಜ ನನ್ನನ್ನು ಕನಿಕರದಿಂದ ನೋಡಿ, "ಇಲ್ಲೊಂದು ಏಣಿ ಇರ್ತದ ಮಾಸ್ತರ," ಎಂದ. "ಯಾರದೋ ಏನೋ. ಬಂದ ಕೂಡ್ಲೆ ನೀವೂ ಒಯ್ರಿ, ಯಾರೂ ಏನೂ ಅನ್ನಂಗಿಲ್ಲ."