ಮೀನಂಗಡಿಯ ಹೂವಿಗೆ ಸ್ನಾನ

ಕ್ಯೋಟೋದ ಉತ್ತರದ ಕೇರಿಯಲ್ಲಿ ಮೀನು ಮಾರುವ ಮಿತ್ಸುಯೊಗೆ ಅರವತ್ತು ದಾಟಿದೆ. ಅತ್ತೆ ತೀರಿಕೊಂಡ ಮೇಲೆ ಶಿಂಟೊ ದೇಗುಲದ ವಸಂತದ ಹಬ್ಬಕ್ಕೆ ಹೂಕೊಡೆ ಕಟ್ಟುವ ಕೆಲಸ ಅವಳದೇ. ಕೆಂಪು ಬಟ್ಟೆಯ ಆ ದೊಡ್ಡ ಕೊಡೆಯ ನೆತ್ತಿಯ ಮೇಲೆ ಚೆರ್ರಿ ಹೂವಿನ ಕೊಂಬೆಗಳಿರಬೇಕು. ಮೆರವಣಿಗೆಯಲ್ಲಿ ಅದರಡಿ ನುಸುಳಿದವರಿಗೆ ವರ್ಷವಿಡೀ ಕಾಯಿಲೆಯಿಲ್ಲ ಎಂದು ಕೇರಿಯವರ ನಂಬಿಕೆ.

ಈ ಸಲ ಚೆರ್ರಿ ಬೇಗ ಅರಳಿ, ಹಬ್ಬಕ್ಕೆ ಮೊದಲೇ ಉದುರಿಹೋಯಿತು. ಸಮಿತಿಯ ಹಿರಾನೊ ಪ್ಲಾಸ್ಟಿಕ್ ಹೂವಿನ ಪೆಟ್ಟಿಗೆಯನ್ನೇ ತಂದ.

"ಒಂದ್ಸಲ ಕಟ್ಟಿದ್ರೆ ಮುಗೀತು, ಆಮೇಲೆ ಯೋಚ್ನೇನೇ ಇಲ್ಲ."

ಒಮ್ಮೆ ಪ್ಲಾಸ್ಟಿಕ್ ಏರಿದರೆ ನಿಜವಾದ ಹೂ ಮತ್ತೆಂದೂ ಕೊಡೆಗೆ ಬಾರದೆಂದು ಮಿತ್ಸುಯೊಗೆ ಗೊತ್ತಿತ್ತು. ಅದಕ್ಕೇ, ಈ ಸಲ ಹೂ ಬೇಗ ಬರುವ ಸೂಚನೆ ಕಂಡಾಗ, ಅವಳು ಮೊಗ್ಗಿರುವಾಗಲೇ ಒಂದಿಷ್ಟು ಕೊಂಬೆ ಕಡಿದು, ಅಂಗಡಿಯ ಶೀತದ ಕೋಣೆಯಲ್ಲಿ ಬಂಗಡೆ ಪೆಟ್ಟಿಗೆಗಳ ಹಿಂದೆ ಇಟ್ಟಿದ್ದಳು.

ಹಿಂದಿನ ದಿನವೇ ಹೊರತೆಗೆದರೂ ಹಬ್ಬದ ಬೆಳಿಗ್ಗೆ ಮೊಗ್ಗುಗಳು ಮುಷ್ಟಿ ಬಿಗಿಹಿಡಿದೇ ಇದ್ದವು. ಗಂಡ ಶಿಗೆರು ಮೂಸಿ ನೋಡಿ ನಕ್ಕ. "ಹೂವಲ್ಲ ಕಣೇ ಇದು, ಸುಟ್ಟು ಅನ್ನದ ಜೊತೆ ತಿನ್ಬೋದು!"

ಮಿತ್ಸುಯೊ ಕೊಂಬೆಗಳನ್ನು ಬಾಚಿ ತಬ್ಬಿಕೊಂಡು, ಕೇರಿಯ ಸಾರ್ವಜನಿಕ ಸ್ನಾನದ ಮನೆ ನಡೆಸುವ ಗೆಳತಿ ಕಿನುಯೆಯ ಬಾಗಿಲಿಗೆ ಓಡಿದಳು.

"ತೆಗಿಯೇ! ಬೇಗ ನೀರು ಕಾಯ್ಸು!"

"ಸ್ನಾನಕ್ಕೆ ಸಂಜೆ ಬಾರೇ. ಹಬ್ಬದ ದಿನ ನಿಂಗೇನ್ ಬಂತು?"

"ನಂಗಲ್ಲ ಮಾರಾಯ್ತಿ, ಇವಕ್ಕೆ!"

ಕಿನುಯೆ ಕೊಂಬೆಗಳನ್ನು ಮೇಲಿಂದ ಕೆಳಗೆ ನೋಡಿದಳು. "ಹೆಂಗಸರ ಕಡೆ ಕರ್ಕೊಂಡ್ ನಡಿ. ಗಂಡಸರ ಕಡೆ ಬಿಟ್ರೆ ನಾಚ್ಕೊಂಡು ಅರಳೋದೇ ಇಲ್ಲ."

ಬೆಚ್ಚನೆಯ ನೀರಿನ ಬಕೆಟ್ಟುಗಳಲ್ಲಿ ಕೊಂಬೆಗಳನ್ನು ನಿಲ್ಲಿಸಿ, ಇಬ್ಬರೂ ಹಬೆಯಲ್ಲಿ ಬೆವರುತ್ತ ಕಾದರು. ಹೊರಗೆ ಡೋಲು ಶುರುವಾಯಿತು. ಮಿತ್ಸುಯೊ ಬಕೆಟ್ಟುಗಳಿಗೆ ಇನ್ನೊಂದಿಷ್ಟು ಬಿಸಿನೀರು ಸುರಿದಳು. ಅಷ್ಟರಲ್ಲಿ ತುದಿಯ ಮೊಗ್ಗೊಂದು ಸಡಿಲಿತು. ಪಕ್ಕದ್ದೂ!

"ನೋಡೇ, ನೋಡೇ!" ಕಿನುಯೆ ಕಿರುಚಿದಳು.

ಒದ್ದೆ ಚಪ್ಪಲಿಯಲ್ಲೇ ದೇಗುಲಕ್ಕೆ ಓಡಿ ಕೊಡೆ ಕಟ್ಟಿದ್ದಾಯಿತು. ಹಿರಾನೊ ಪೆಟ್ಟಿಗೆ ಹಿಡಿದು ಅಲ್ಲೇ ಕಾಯುತ್ತಿದ್ದ.

"ಅರ್ಧಕ್ಕರ್ಧ ಇನ್ನೂ ಮೊಗ್ಗೇ ಇದ್ಯಲ್ಲಮ್ಮ?"

"ಬೀದಿ ಬೀದಿ ಸುತ್ತಬೇಕಲ್ಲ, ಬಿಸಿಲಿಗೆ ಅರಳ್ತವೆ. ಹೊರಡ್ಸಿ!"

ಮೆರವಣಿಗೆಯ ಮುಂದೆ ಕೆಂಪು ಕೂದಲಿನ ಭೂತವೇಷದವರು ಡೋಲಿಗೆ ಹಾರಿ ಹಾರಿ ಕುಣಿದರು. ಕೂಸುಗಳನ್ನೆತ್ತಿಕೊಂಡ ಅಜ್ಜಿಯರು ಕೊಡೆಯಡಿ ನುಗ್ಗಿದರು.

"ಅಯ್ಯೋ, ಮೀನಿನ ವಾಸ್ನೆ!" ಒಬ್ಬಜ್ಜಿ ಮೂಗು ಮುಚ್ಚಿಕೊಂಡಳು.

"ಕಾಯ್ಲೆ ಇನ್ನೂ ದೂರ ಓಡತ್ತೆ, ಒಳಗ್ ಬನ್ನಿ ಅಜ್ಜಿ!" ಎಂದಳು ಕಿನುಯೆ.

ಎರಡನೆಯ ಬೀದಿ ತಿರುಗುವಷ್ಟರಲ್ಲಿ ಕೊಡೆಯ ನೆತ್ತಿಯೆಲ್ಲ ಬೆಳ್ಳಗಾಗಿತ್ತು. ಹಿರಾನೊ ಪ್ಲಾಸ್ಟಿಕ್ ಹೂವಿನ ಪೆಟ್ಟಿಗೆಯನ್ನು ಜೊತೆಗೇ ನಡೆಯುತ್ತಿದ್ದ ಶಿಗೆರುವಿನ ಕೈಗೆ ತುರುಕಿದ. "ಮುಂದಿನ ವರ್ಷಾನೂ ನಿಮ್ಮ ಶೀತದ ಕೋಣೇಲಿ ಕೊಂಬೆಗಳಿಗೆ ಜಾಗ ಇಡಿ" ಎಂದು ಹೇಳಿ ತಾನೂ ಕೊಡೆಯಡಿ ತೂರಿದ.

"ಮತ್ತೆ ಬಂಗಡೆ ಎಲ್ಲಿಡ್ಲಿ?" ಎಂದು ಶಿಗೆರು ಹೆಂಡತಿಯ ಕಡೆ ತಿರುಗಿದ. ಅವಳಾಗಲೇ ಬೆನ್ನು ಬಗ್ಗಿಸಿ, ಅಜ್ಜಿಯರನ್ನು ನೂಕಿಕೊಂಡು ಹೂವಿನ ಕೆಳಗೆ ಸೇರಿಬಿಟ್ಟಿದ್ದಳು.