ಜಿನ್ನಪ್ಪ ಔಷಧ ಹೊಡೆಯುವುದು ಬಿಟ್ಟ ವರ್ಷ

ಕಾಗವಾಡದ ಜಿನ್ನಪ್ಪನಿಗೆ ದ್ರಾಕ್ಷಿ ಕಾಳು ಉಬ್ಬಿಸುವ ವಿದ್ಯೆ ಕರಗತವಾಗಿತ್ತು. ಮೂವತ್ತು ವರ್ಷ ಅವನು ಮಾಡಿದ್ದು ಅದೊಂದೇ ಎಂದರೂ ನಡೆದೀತು. ಹಾರ್ಮೋನಿನ ನೀರು ಕಲಸಿ, ಮಗ್ಗಿನಲ್ಲಿ ಎಳೆಯ ಗೊಂಚಲುಗಳನ್ನು ಒಂದೊಂದಾಗಿ ಅದ್ದಿಸಿ, ಕಡಲೆಯಷ್ಟಿದ್ದ ಕಾಳನ್ನು ಗೋಲಿಯಷ್ಟು ಮಾಡಿ ತೋರಿಸುತ್ತಿದ್ದ. ಯಾವ ಬಾಟಲಿ ಯಾವ ದಿನ ಎಂದು ಅಕ್ಕಪಕ್ಕದ ತೋಟದವರೆಲ್ಲ ಅವನನ್ನೇ ಕೇಳುತ್ತಿದ್ದರು. ತನಗೆ ಗೊತ್ತಿಲ್ಲ ಎಂದು ಹೇಳುವ ಅಭ್ಯಾಸ ಮಾತ್ರ ಆಸಾಮಿಗೆ ಇರಲಿಲ್ಲ. ಅದೇ ಅವನನ್ನು ಹಾಳು ಮಾಡಿದ್ದು.

ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಡಿಸೆಂಬರಿನ ಮೊದಲ ವಾರ, ಸೊಂಟನೋವೆಂದು ಮಿರಜಿನ ಆಸ್ಪತ್ರೆಯೊಂದಕ್ಕೆ ಹೋದ. ಪ್ರೊಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆ, ಅದು ಎಲುಬಿಗೂ ಇಳಿದಿದೆ ಎಂದು ತಿಳಿಯಿತು. ಸ್ಕ್ಯಾನಿನ ಚಿತ್ರದಲ್ಲಿ ಮೂರು ಕಪ್ಪು ಚುಕ್ಕೆಗಳಿದ್ದವು. ಮರಾಠಿ ಮಾತಿನ ಡಾಕ್ಟರು ತಮಗೆ ಬಂದಷ್ಟು ಕನ್ನಡದಲ್ಲಿ ಬಿಡಿಸಿ ಹೇಳಿದರು.

“ಕಾಕಾ, ಕ್ಯಾನ್ಸರ್ ಎಲುಬಿನ್ಯಾಗ ಸುಮ್ನ ಕೂಡಂಗಿಲ್ಲ. ಸೈಟೋಕೈನ್ ಅಂತ ಒಂದು ರಸ ಬಿಡ್ತೈತಿ. ಉರಿ ಎಬ್ಬಸ್ತೈತಿ, ಎಲುಬಿಗೆ ‘ಬೆಳಿ, ಬೆಳಿ’ ಅಂತೈತಿ. ಬ್ಯಾಡಾದ ಕಡೆ ಎಲುಬು ಬೆಳೀತೈತಿ. ಹಾರ್ಮೋನ್ ಇಂಜೆಕ್ಷನ್ ಚಾಲೂ ಮಾಡೂಣು.”

ಜಿನ್ನಪ್ಪನ ಕಿವಿಗೆ ಬಿದ್ದದ್ದು ಬೇರೆ. ಸೈಟೋಕೈನಿನ್! ಆ ಹೆಸರಿನ ಬಾಟಲಿಗಳು ಅವನ ತೋಟದ ಶೆಡ್ಡಿನಲ್ಲಿ ಸಾಲಾಗಿ ನಿಂತಿದ್ದವು. ಕಾಳಿಗೆ ‘ಬೆಳಿ’ ಎಂದು ಹೇಳುವ ಔಷಧವೇ ಅದು. ಡಾಕ್ಟರು ಕೊನೆಯ ಅಕ್ಷರ ನುಂಗಿದರೆಂದೇ ಅವನು ತಿಳಿದ. ಬರಿಗೈಯಲ್ಲಿ ಕಲಸಿದ್ದೆಲ್ಲ ಚರ್ಮ ದಾಟಿ ಒಳಗೆ ಹೋಗಿದೆ, ಈಗ ಮೇಲಿಂದ ಇನ್ನೊಂದು ಹಾರ್ಮೋನ್ ಬೇರೆ! ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು, ಇಂಜೆಕ್ಷನ್ ಒಲ್ಲೆನೆಂದು ಎದ್ದು ಬಂದ. ಹೆಂಡತಿ ಸುಗಂಧಾ ಎಷ್ಟು ಕೇಳಿದರೂ ಕಾರಣ ಹೇಳಲಿಲ್ಲ.

ಮರುದಿನ ಗೊಂಚಲು ಅದ್ದಲು ಬಂದ ಕಾಳವ್ವನನ್ನು ತೋಟದ ಬಾಯಲ್ಲೇ ತಡೆದ. ಇಪ್ಪತ್ತು ವರ್ಷದಿಂದ ಅವನ ತೋಟದಲ್ಲಿ ಆ ಕೆಲಸ ಮಾಡಿದವಳು ಅವಳು.

“ಕಾಳವ್ವಾ, ನಿನ್ನ ಎಲುಬು ನೋಯ್ತಾವೇನ?”

“ನೋಯ್ತಾವ್ರಿ ಸಾವ್ಕಾರ್ರ. ಒಳಗ ಯಾರೋ ಕುಂತು ಕುಟ್ಟಿದಂಗ ಆಗ್ತೈತ್ರಿ.”

ಅವಳ ಬೆರಳ ಗೆಣ್ಣುಗಳು ದಪ್ಪಗಿದ್ದವು. ದುಡಿದು ಮುದುಕಿಯಾದ ಯಾರ ಗೆಣ್ಣುಗಳಾದರೂ ಹಾಗೇ ಇರುತ್ತವೆ. ಜಿನ್ನಪ್ಪನ ಕಣ್ಣಿಗೆ ಮಾತ್ರ ಅವು ನೋಡನೋಡುತ್ತಲೇ ಉಬ್ಬುತ್ತಿರುವಂತೆ ಕಂಡವು. ಅವನಿಗೆ ಅಳು ಬಂತು. ಅವಳನ್ನು ಮನೆಗೆ ಕಳಿಸಿ ಶೆಡ್ಡಿಗೆ ಬೀಗ ಹಾಕಿದ.

ಔಷಧ ನಿಂತರೆ ಕಾಳು ಬೆಳೆಯುವುದು ನಿಲ್ಲುತ್ತದೆ, ಕಾಳು ನಿಂತರೆ ಎಲುಬೂ ನಿಲ್ಲುತ್ತದೆ ಎಂಬುದು ಅವನ ತರ್ಕ. ದಿನಾ ಮಧ್ಯಾಹ್ನ ಬಳ್ಳಿಗಳ ಕೆಳಗೆ ಕುಳಿತು ಕಾಯುತ್ತಿದ್ದ. ಎಲೆ ಅಲುಗುತ್ತಿರಲಿಲ್ಲ. ತಲೆಯ ಮೇಲೆ ಸಾವಿರಾರು ಗೊಂಚಲು ಸುಮ್ಮನೆ ಇಳಿಬಿದ್ದಿದ್ದವು. ಆ ಮೌನದಲ್ಲಿ ಒಂದು ದಿನ ಸೊಂಟದ ಒಳಗಿನಿಂದ ಸಣ್ಣ ಸದ್ದು ಕೇಳಿಸಿತು. ಪಂಪಿನ ನಳಿಗೆಯಿಂದ ಔಷಧ ಸಿಡಿಯುವ ‘ಸುಂಯ್’ ಸದ್ದು. ಎದ್ದು ಹೋಗಿ ಶೆಡ್ಡಿನ ಬೀಗ ಜಗ್ಗಿ ನೋಡಿದ. ಹಾಕಿದ್ದು ಹಾಕಿದಂತೆಯೇ ಇತ್ತು. ಸುತ್ತಲಿನ ತೋಟಗಳಲ್ಲಿ ನರಪಿಳ್ಳೆಯೂ ಇರಲಿಲ್ಲ. ಬಂದು ಕುಳಿತ ಕೂಡಲೇ ಮತ್ತೆ ‘ಸುಂಯ್’. ಅಂದಿನಿಂದ ಅದು ದಿನವೂ ಕೇಳತೊಡಗಿತು.

ಫೆಬ್ರುವರಿ ಕೊನೆಗೆ ಪಕ್ಕದ ತೋಟದ ಗೊಂಚಲುಗಳು ತುಂಬಿಕೊಂಡವು, ಇವನವು ಬಡಕಲಾಗಿಯೇ ಉಳಿದವು. ನೋವು ಮಾತ್ರ ಬೆನ್ನೇರಿ ಭುಜಕ್ಕೆ ಬಂತು.

“ಔಷಧ ಬಂದ್ ಮಾಡಿದ್ರೂ ಎಲುಬು ಬೆಳ್ಯಾಕತ್ತೈತಲ್ಲೋ!” ಎಂದು ಒಂದು ದಿನ ಹಾಸಿಗೆಯಲ್ಲೇ ಕೂಗಿಕೊಂಡ.

ಸುಗಂಧಾ ಪಕ್ಕದಲ್ಲೇ ಇದ್ದಳು. ಬೆನ್ನು ಬಿಡದೆ ಕೇಳಿ ಕೇಳಿ ಎಲ್ಲ ಬಾಯಿ ಬಿಡಿಸಿದಳು. “ಅಯ್ಯ, ಒಂದು ಮಾತು ಕೇಳಾಕ ಆಗಲಿಲ್ಲೇನ್ರಿ ನಿಮಗ?” ಎಂದು ಹಣೆ ಬಡಿದುಕೊಂಡು, ಶೆಡ್ಡಿನಿಂದ ಒಂದು ಬಾಟಲಿ ತಂದು ಚೀಲಕ್ಕೆ ಹಾಕಿ, ಗಂಡನನ್ನು ಮಿರಜಿಗೆ ಹೊರಡಿಸಿದಳು.

ಡಾಕ್ಟರು ಬಾಟಲಿಯ ಮೇಲಿನ ಹೆಸರು ಓದಿ ತಲೆಯ ಮೇಲೆ ಕೈ ಹೊತ್ತರು.

“ಕಾಕಾ, ಇದು ಗಿಡದ್ದು. ನಾ ಹೇಳಿದ್ದು ಬ್ಯಾರೆ, ಅದು ನಿಮ್ಮ ಮೈಯಾಗಽ ಹುಟ್ತೈತಿ. ಮತ್ತ ಈ ಇಂಜೆಕ್ಷನ್ ಹಾರ್ಮೋನ್ ಹೆಚ್ಚು ಮಾಡಂಗಿಲ್ಲ, ಬಂದ್ ಮಾಡ್ತೈತಿ.”

“ಅಂದ್ರ ಹೊರಗಿಂದ ಏನೂ ಬಂದಿಲ್ಲೇನ್ರಿ?”

“ಏನೂ ಬಂದಿಲ್ಲ. ಕ್ಯಾನ್ಸರ್ ಕರೀತೈತಿ, ನಿಮ್ಮ ಎಲುಬು ಓ ಅಂತೈತಿ.”

ಜಿನ್ನಪ್ಪನಿಗೆ ಕಳ್ಳನನ್ನು ಒಳಗಿಟ್ಟುಕೊಂಡು ಮೂರು ತಿಂಗಳು ಬಾಗಿಲು ಕಾದಂತಾಗಿತ್ತು.

ಅಂದೇ ತೆಗೆದ ಹೊಸ ಸ್ಕ್ಯಾನನ್ನು ಹಳೆಯದರ ಪಕ್ಕ ಇಟ್ಟರು. ಬಳ್ಳಿಯ ಗೊಂಚಲು ಎಣಿಸುವ ರೂಢಿಯಲ್ಲಿ ಜಿನ್ನಪ್ಪನ ಬೆರಳು ತಾನಾಗಿ ಚುಕ್ಕೆಗಳ ಮೇಲೆ ಸರಿಯಿತು. ಸೊಂಟ, ಬೆನ್ನು, ಪಕ್ಕೆಲುಬು. ಮೂವತ್ತಕ್ಕೆ ಬಂದು ನಿಂತಿತು. ಒಂದು ಬಳ್ಳಿಗೆ ಅದಕ್ಕಿಂತ ಹೆಚ್ಚು ಗೊಂಚಲು ಅವನು ಎಂದೂ ಉಳಿಸಿದವನಲ್ಲ. ಚಿತ್ರದಲ್ಲಿ ಚುಕ್ಕೆಗಳು ಇನ್ನೂ ಉಳಿದಿದ್ದವು.

“ಮೊದಲಽ ಇಂಜೆಕ್ಷನ್ ಮಾಡಿಸ್ಕೊಂಡಿದ್ರ ಇಷ್ಟ ಆಗ್ತಿತ್ತೇನ್ರಿ ಸಾಹೇಬ್ರ?”

ಡಾಕ್ಟರು ಸಿರಿಂಜ್ ಕೈಗೆತ್ತಿಕೊಂಡರು. ಸುಗಂಧಾ ಗೋಡೆಯತ್ತ ಮುಖ ತಿರುಗಿಸಿದಳು. ಜಿನ್ನಪ್ಪ ತಾನೇ ಅಂಗಿ ಮೇಲೆತ್ತಿ ಕಣ್ಣು ಮುಚ್ಚಿದ. ಅವನಿಗೆ, ಸೊಂಟದಿಂದ ಭುಜದವರೆಗೆ, ಒಂದೊಂದು ಎಲುಬೂ ಓ ಎನ್ನುತ್ತಿರುವುದು ಕೇಳಿಸುತ್ತಿತ್ತು.